ವಿದೇಶದಲ್ಲಿ ಓದುವ ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ದುಡ್ಡು ಕಳಿಸುವುದು ಹೇಗೆ?

ಅಕ್ಕ ಅವತ್ತು ಚನ್ನಗಿರಿಯಿಂದ ಬೆಳಗಿನ ಬಸ್ಸಿಗೇ ದಾವಣಗೆರೆಗೆ ಬಂದಿದ್ದಳು. ಕೈಚೀಲದಲ್ಲಿ ಪಾಸ್‌ಬುಕ್, ಪ್ಯಾನ್ ಕಾರ್ಡ್, ಜರ್ಮನಿಯಲ್ಲಿ ಓದುತ್ತಿರುವ ಮಗನ ಅಡ್ಮಿಶನ್ ಪತ್ರದ ಜೆರಾಕ್ಸ್. ಅಡಿಕೆ ಮಾರಿದ ದುಡ್ಡಿನಲ್ಲಿ ಅವನ ಕೈಖರ್ಚಿಗೆ 500 ಯೂರೋ ಕಳಿಸಬೇಕಿತ್ತು. ಪಿ.ಜೆ. ಬಡಾವಣೆಯ ಒಂದು ಬ್ಯಾಂಕಿಗೆ ಹೋಗಿ, ಹೇಳಿದ ಕಡೆಯೆಲ್ಲ ಸಹಿ ಹಾಕಿ ಬಂದೆವು. ನಾಲ್ಕನೇ ದಿನ ರಾತ್ರಿ ಅಳಿಯನ ಫೋನು: "ಮಾಮ, 478 ಯೂರೋನೇ ಬಂದಿರೋದು."

ರಾಶಿ ಅಡಿಕೆಯ ಧಾರಣೆ ನೋಡದೆ ಅಕ್ಕ ಒಂದು ಚೀಲವನ್ನೂ ಮಾರುವವಳಲ್ಲ. ಯೂರೋ ಕೊಳ್ಳುವಾಗ ಮಾತ್ರ ನಾವು ಏನೂ ವಿಚಾರಿಸಿರಲಿಲ್ಲ.

ಮೊದಲು ದರ ಕೇಳಿ. ಜಾಸ್ತಿ ದುಡ್ಡು ಹೋಗುವುದು ಇಲ್ಲೇ. ಲೆಕ್ಕಕ್ಕೆ ಸುಲಭವಾಗಲಿ ಅಂತ ಮಾರುಕಟ್ಟೆಯಲ್ಲಿ ಒಂದು ಯೂರೋಗೆ 100 ರೂಪಾಯಿ ಅಂದುಕೊಳ್ಳೋಣ. ಒಬ್ಬರು 500 ರೂಪಾಯಿ ಶುಲ್ಕ ಹೇಳಿ, ಯೂರೋಗೆ 102.50 ಹಾಕುತ್ತಾರೆ. 500 ಯೂರೋಗೆ ಒಟ್ಟು 51,750 ಆಯಿತು. ಇನ್ನೊಬ್ಬರು 900 ಶುಲ್ಕ ಹೇಳಿ, 100.60ರ ದರ ಕೊಡುತ್ತಾರೆ. ಒಟ್ಟು 51,200. ಶುಲ್ಕ ಜಾಸ್ತಿ ಕಂಡವರ ಹತ್ತಿರವೇ 550 ರೂಪಾಯಿ ಉಳಿಯಿತು, ಅಲ್ವಾ? ಇದರ ಮೇಲೆ ಜಿಎಸ್‌ಟಿ ಇರುತ್ತದೆ. ಒಂದು ಲಕ್ಷದವರೆಗಿನ ಕರೆನ್ಸಿ ಬದಲಾವಣೆಗೆ ಅದು ಕನಿಷ್ಠ 45, ಹೆಚ್ಚೆಂದರೆ 180 ರೂಪಾಯಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಬ್ಯಾಂಕ್, ಇನ್ನೊಂದು ಬ್ಯಾಂಕ್, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಒಂದು ವಿದೇಶಿ ವಿನಿಮಯ ಕಂಪನಿ, ಹೀಗೆ ಮೂರು ಕಡೆ ಒಂದೇ ಹೊತ್ತಿನಲ್ಲಿ ಕೇಳಿ. ಶನಿವಾರ, ಭಾನುವಾರ ಬೇಡ. ಆಗ ವಿದೇಶಿ ವಿನಿಮಯ ಮಾರುಕಟ್ಟೆಗೆ ರಜೆ.

ನಮ್ಮ 22 ಯೂರೋ ಎಲ್ಲಿ ಹೋಯಿತು? ದೇಶ ದೇಶಗಳ ಬ್ಯಾಂಕುಗಳನ್ನು ಜೋಡಿಸುವ ಸ್ವಿಫ್ಟ್ ಎಂಬ ಸಂದೇಶ ಜಾಲದ ಮೂಲಕ ಹೋಗುವ ಹಣ ನಡುವೆ ಬೇರೆ ಬ್ಯಾಂಕುಗಳನ್ನು ದಾಟಿ ಹೋಗಬಹುದು. ಅವೂ ತಮ್ಮ ಪಾಲು ಹಿಡಿದುಕೊಳ್ಳುತ್ತವೆ. ಫಾರಂನಲ್ಲಿ ಇದಕ್ಕೆ ಮೂರು ಆಯ್ಕೆ ಇರುತ್ತವೆ. 'ಅವರ್' ಅಂದರೆ ಎಲ್ಲ ಶುಲ್ಕ ಕಳಿಸುವವರದು. 'ಶಾ' ಅಂದರೆ ಹಂಚಿಕೆ. 'ಬೆನ್' ಅಂದರೆ ಪಡೆಯುವವರದು. ನಮ್ಮ ಫಾರಂನಲ್ಲಿ ಸುಮ್ನೆ 'ಶಾ' ಅಂತ ಹಾಕಿದ್ದರು. ಈಗ ಅಕ್ಕ ಕೌಂಟರಿನಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಾಳೆ: "ಇಲ್ಲಿ ಎಷ್ಟು ಕಟ್ಟಿದ್ರೆ ಅಲ್ಲಿ ನನ್ನ ಮಗನಿಗೆ ಪೂರಾ 500 ಬೀಳುತ್ತೆ?"

ಸಾಧ್ಯವಿದ್ದರೆ ಮೂರು ತಿಂಗಳದ್ದು ಒಟ್ಟಿಗೆ ಕಳಿಸಿ. ಶುಲ್ಕ ಒಂದೇ ಸಲ ಬೀಳುತ್ತದೆ. ಊರಿನ ಡೆಬಿಟ್ ಕಾರ್ಡ್ ಕೊಟ್ಟು "ಅಲ್ಲೇ ಎಟಿಎಂನಲ್ಲಿ ತಗೋ" ಅನ್ನುವುದು ಸುಲಭ, ಆದರೆ ಪ್ರತಿ ಸಲ ಶುಲ್ಕ. ಮಗು ಸಿಂಗಪುರದಲ್ಲಿದ್ದರೆ ನಿಮ್ಮ ಕೆಲಸ ಹಗುರ. 2023ರ ಫೆಬ್ರವರಿಯಿಂದ ನಮ್ಮ ಯುಪಿಐಗೂ ಅಲ್ಲಿನ ಅಂಥದ್ದೇ ವ್ಯವಸ್ಥೆಯಾದ ಪೇನೌಗೂ ಜೋಡಣೆ ಆಗಿದೆ. ಆ ಸೌಲಭ್ಯ ಇರುವ ಬ್ಯಾಂಕಿನಲ್ಲಿ ಖಾತೆ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ.

ಬ್ಯಾಂಕಿನಲ್ಲಿ ಎ2 ಫಾರಂ, ಅಂದರೆ ವಿದೇಶಕ್ಕೆ ಹಣ ಕಳಿಸುವ ಅರ್ಜಿ, ತುಂಬಬೇಕು. ಪ್ಯಾನ್ ಬೇಕೇ ಬೇಕು. ಅದರಲ್ಲಿ ಕಳಿಸುವ ಉದ್ದೇಶ ಬರೆಯುವ ಜಾಗವನ್ನು ನೀವೇ ಓದಿ ನೋಡಿ. ಶುಲ್ಕ, ಹಾಸ್ಟೆಲ್ ಸೇರಿ ಓದಿನ ಖರ್ಚಿಗೆ ಎಸ್0305 ಕೋಡ್. 2025ರ ಏಪ್ರಿಲ್‌ನಿಂದ, ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೀಗೆ ಕಳಿಸುವ ಎಲ್ಲ ಹಣ ಸೇರಿ 10 ಲಕ್ಷ ದಾಟುವವರೆಗೆ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕಿನವರು ನಿಮ್ಮಿಂದ ವಸೂಲಿ ಮಾಡುವ ಆದಾಯ ತೆರಿಗೆ, ಇಲ್ಲ. ದಾಟಿದ ಮೇಲೆ ಉಡುಗೊರೆ ಅಂತ ಬರೆದಿದ್ದರೆ 20 ಪರ್ಸೆಂಟ್ ಹಿಡಿಯುತ್ತಾರೆ. ಓದಿಗೆ ಅಂತಿದ್ದರೆ ಅದಕ್ಕಿಂತ ತುಂಬಾ ಕಡಿಮೆ. ಈ ಮಿತಿ ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ. ಹಿಡಿದದ್ದು ನಿಮ್ಮ ಪ್ಯಾನ್ ಲೆಕ್ಕದಲ್ಲೇ ಇರುತ್ತದೆ. ರಿಟರ್ನ್ಸ್ ಸಲ್ಲಿಸಿದಾಗ ವಾಪಸ್ ಕೇಳಬಹುದು.

"ಇಲ್ಲಿ ರೂಪಾಯಿ ಕೊಡಿ, ಅಲ್ಲಿ ನಮ್ಮ ಹುಡುಗ ಯೂರೋ ಕೊಡ್ತಾನೆ" ಎನ್ನುವವರೂ ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಅದು ಹವಾಲಾ. ವಿದೇಶಿ ವಿನಿಮಯದ ಕಾನೂನಾದ ಫೆಮಾ ಕಾಯ್ದೆಯಲ್ಲಿ ಮೊತ್ತದ ಮೂರು ಪಟ್ಟಿನವರೆಗೂ ದಂಡ ಇದೆ.

ಕಳಿಸಿದ ಮೇಲೆ ಸ್ವಿಫ್ಟ್ ಸಂದೇಶದ ಪ್ರತಿ ಕೇಳಿ ಪಡೆಯಿರಿ. ಹಣ ತಡವಾದರೆ ಎಲ್ಲಿ ನಿಂತಿದೆ ಎಂದು ಅದರಿಂದಲೇ ಬ್ಯಾಂಕಿನವರು ಹುಡುಕುವುದು. ಅಕ್ಕ ಅದರ ಫೋಟೋ ತೆಗೆದು ಅವತ್ತೇ ಮಗನಿಗೆ ವಾಟ್ಸಾಪ್ ಮಾಡುತ್ತಾಳೆ.