ಬಿಲ್ ಫೆಬ್ರವರಿಗೆ, ರಿನ್ಯೂವಲ್ ಮಳೆಗೆ ಮೊದಲು

ಕೊಡಗಿನಲ್ಲಿ ಕೂತು ವೆಬ್‌ಸೈಟ್ ಕೆಲಸ ಮಾಡುವವನಿಗೆ ಮೊದಲು ಬೇಕಾದದ್ದು ಯುಪಿಎಸ್. ಆಮೇಲೆ, ಗುಡುಗು ಕೇಳಿಸಿದ ತಕ್ಷಣ ಎದ್ದು ಹೋಗಿ ಮೋಡೆಮ್ ವೈರ್ ಕೀಳುವ ಅಭ್ಯಾಸ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ನಾನು ಈವರೆಗೆ ಎರಡು ಮೋಡೆಮ್ ಕಳೆದುಕೊಂಡಿದ್ದೇನೆ. ಕೋಡಿಂಗ್ ಎಲ್ಲ ಆಮೇಲಿನ ಮಾತು.

ನಮ್ಮ ಮನೆ ನಾಪೋಕ್ಲು ಹತ್ತಿರ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಬ್ಯಾಗ್ ಹಿಡಿದು ಬಂದವನು ವಾಪಸ್ ಹೋಗಲಿಲ್ಲ. ಅಲ್ಲಿ ಒಂದು ಕಂಪನಿಯಲ್ಲಿ ಸೈಟ್ ಮಾಡಿಕೊಡುವ ಕೆಲಸವೇ ಇತ್ತು. ಅದನ್ನೇ ಇಲ್ಲಿ ಮಾಡಿದರಾಯ್ತು, ಹೋಂಸ್ಟೇಗಳಿಗೆ ಬರವೇ ಅಂದುಕೊಂಡೆ. ಹೋಂಸ್ಟೇಗಳಿಗೆ ಬರ ಇರಲಿಲ್ಲ, ನಿಜ. ಆದರೆ ಸೈಟ್ ಕಟ್ಟೋದು ಎರಡು ವಾರದ ಕೆಲಸ, ಅದನ್ನು ಬದುಕಿಸಿ ಇಡೋದು ವರ್ಷಪೂರ್ತಿ ಕೆಲಸ ಅನ್ನೋದು ಆಗ ತಲೆಗೆ ಹೋಗಿರಲಿಲ್ಲ.

ಮೊದಲ ಗಿರಾಕಿ ಕಕ್ಕಬ್ಬೆ ಕಡೆಯ ಒಬ್ಬ ಆಂಟಿ. ಅವರಿಗೆ ಆಗಲೇ ಒಂದು ಸೈಟ್ ಇತ್ತು. "ಇತ್ತು ಮಾರಾಯ, ಈಗ ತೆಗೆದರೆ ಯಾವುದೋ ಜೂಜಿನ ಜಾಹೀರಾತು ಬರ್ತದೆ" ಅಂದರು. ನೋಡಿದೆ. ಡೊಮೇನ್ ಅಂದರೆ ಸೈಟಿನ ವಿಳಾಸದ ಹೆಸರು, ದುಡ್ಡು ಕಟ್ಟಿ ರಿನ್ಯೂ ಮಾಡುತ್ತಾ ಇರಬೇಕು. ಅದರ ಅವಧಿ ಮುಗಿದು, ಬೇರೆ ಯಾರೋ ಕೊಂಡುಕೊಂಡಿದ್ದರು. ಆಗಿದ್ದು ಇಷ್ಟೇ: ಸೈಟ್ ಮಾಡಿಕೊಟ್ಟವನು ಡೊಮೇನನ್ನು ತನ್ನ ಹೆಸರಲ್ಲಿ, ತನ್ನ ಇಮೇಲ್ ಕೊಟ್ಟು ತೆಗೆದಿದ್ದ. ಅವಧಿ ಮುಗಿದದ್ದು ಜುಲೈಯಲ್ಲಿ. ನೆನಪಿನ ಓಲೆಗಳೆಲ್ಲ ಅವನ ಇನ್‌ಬಾಕ್ಸ್‌ಗೆ ಹೋದವು, ಅವನು ಅಷ್ಟರಲ್ಲಿ ಈ ಕೆಲಸವನ್ನೇ ಬಿಟ್ಟಿದ್ದ. ಆಂಟಿ ಮನೆಯಲ್ಲೋ, ಮರ ಬಿದ್ದು ಎಂಟು ದಿನದಿಂದ ಕರೆಂಟಿಲ್ಲ, ಫೋನೂ ಇಲ್ಲ. ಅವಧಿ ಮುಗಿದ ಮೇಲೂ ಕೆಲವು ದಿನ ಮಾಮೂಲಿ ದರಕ್ಕೇ ಡೊಮೇನ್ ಉಳಿಸಿಕೊಳ್ಳಬಹುದು. ಅದು ದಾಟಿದರೆ ದಂಡ ಕಟ್ಟಬೇಕು. ಅದೂ ದಾಟಿದರೆ ಸಂತೆಗೆ ಬಂದ ಹಾಗೆ, ಯಾರು ಬೇಕಾದರೂ ಕೊಳ್ಳಬಹುದು. ಮಳೆಗಾಲದಲ್ಲಿ ಆ ದಿನಗಳೆಲ್ಲ ಗೊತ್ತೇ ಆಗದೆ ಕಳೆದುಹೋಗಿದ್ದವು. ಆರು ವರ್ಷದಿಂದ ವಿಸಿಟಿಂಗ್ ಕಾರ್ಡಲ್ಲಿ, ಗೇಟಿನ ಬೋರ್ಡಲ್ಲಿ ಇದ್ದ ಹೆಸರು ಹೋಯ್ತು. ಹೊಸ ಹೆಸರು ತೆಗೆದುಕೊಟ್ಟೆ. ಬೋರ್ಡಿಗೆ ಪೇಂಟರ್ ಬರಬೇಕಾಯ್ತು.

ಅಂದಿನಿಂದ ಒಂದು ಪದ್ಧತಿ. ಡೊಮೇನ್ ಮಾಲೀಕರ ಹೆಸರಲ್ಲೇ, ಅವರ ಇಮೇಲ್, ಅವರ ಫೋನ್ ನಂಬರ್‌ನಲ್ಲೇ ಇರಬೇಕು. ನನ್ನ ಹತ್ತಿರ ಲಾಗಿನ್ ಮಾತ್ರ. ನಾಳೆ ನನ್ನ ಜೊತೆ ಜಗಳವಾದರೂ ಅವರ ಹೆಸರು ಅವರ ಹತ್ತಿರವೇ ಉಳಿಯುತ್ತದೆ. ಇನ್ನೊಂದು: ಅವಧಿ ಯಾವ ತಿಂಗಳಿಗೇ ಇರಲಿ, ರಿನ್ಯೂ ಮಾಡೋದು ಮಳೆಗೆ ಮೊದಲು, ಮೇ ಮುಗಿಯುವುದರೊಳಗೆ. ಮುಂಚೆ ಕಟ್ಟಿದರೆ ದಿನ ನಷ್ಟ ಅಂತ ಕೆಲವರು ಹೆದರುತ್ತಾರೆ. ನಷ್ಟ ಇಲ್ಲ, ಇರುವ ಅವಧಿಯ ಮೇಲೇ ಒಂದು ವರ್ಷ ಸೇರುತ್ತದೆ.

ಬೇರೆಯವರ ತಪ್ಪು ಹೇಳಿದ ಮೇಲೆ ನನ್ನದೂ ಹೇಳಬೇಕಲ್ವಾ. ನಾನು ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅಂತ ಒಂದು ಪುಟ ಇದೆ. ಅದರ ಕೆಳಗೆ, ಸರ್ಚ್ ಇಂಜಿನ್‌ಗಳು ಈ ಸೈಟಿಗೆ ಬರುವುದು ಬೇಡ ಅನ್ನುವ ಒಂದು ಚಿಕ್ಕ ಟಿಕ್. ಸೈಟ್ ಅರ್ಧ ಆಗಿರುವಾಗ ಗೂಗಲ್ ಬಂದು ನೋಡದಿರಲಿ ಅಂತ ಹಾಕುತ್ತೇವೆ. ಮಡಿಕೇರಿಯ ಒಬ್ಬ ಅಂಕಲ್‌ಗೆ ಅಕ್ಟೋಬರಿನಲ್ಲಿ ಸೈಟ್ ಕೊಟ್ಟೆ, ಟಿಕ್ ತೆಗೆಯಲು ಮರೆತೆ. ಕ್ರಿಸ್‌ಮಸ್, ಹೊಸ ವರ್ಷ, ಇಡೀ ಸೀಸನ್ ಹೋಯ್ತು. ಜನವರಿಯಲ್ಲಿ ಫೋನ್: "ನನ್ನ ಮನೆ ಹೆಸರು ಹೊಡೆದರೂ ನನ್ನ ಮನೆ ಬರ್ತಿಲ್ವಲ್ಲ?" ಫೋನ್ ಕಿವಿಯಲ್ಲಿಟ್ಟುಕೊಂಡೇ ಆ ಪುಟ ತೆಗೆದೆ. ಟಿಕ್ ಹಾಗೇ ಇತ್ತು. ಸುಳ್ಳು ಹೇಳಬಹುದಿತ್ತು, ಗೂಗಲ್‌ಗೆ ಟೈಮ್ ಬೇಕು ಅಂಕಲ್ ಅಂತ. ಬಾಯಿ ಬರಲಿಲ್ಲ. ಆ ವರ್ಷದ ನಿರ್ವಹಣೆ ದುಡ್ಡು ಬೇಡ ಅಂದೆ. ಅಂಕಲ್ ಎರಡು ದಿನ ಬಿಟ್ಟು ಮಾತಾಡಿದರು. ಈಗಲೂ ಅವರು ನನ್ನ ಗಿರಾಕಿಯೇ. ಈಗ ಸೈಟ್ ಕೊಟ್ಟ ಎರಡನೇ ವಾರ ಗೂಗಲ್‌ನದೇ ಸರ್ಚ್ ಕನ್ಸೋಲ್ ಅನ್ನುವ ಪುಟ ತೆಗೆದು, ಪುಟಗಳು ಗೂಗಲ್ ಲೆಕ್ಕಕ್ಕೆ ಬಂದಿವೆಯಾ ಅಂತ ಕಣ್ಣಾರೆ ನೋಡುತ್ತೇನೆ.

ಹೆಸರಿನ ವಿಷಯದಲ್ಲಿ ಪ್ರತಿ ಮನೆಯಲ್ಲೂ ಒಂದು ಚರ್ಚೆ ಗ್ಯಾರಂಟಿ. ನಮಗೆ ಇದು ಕೊಡಗು. ಬೆಂಗಳೂರಿನಿಂದ ಬರುವವರು ಟೈಪ್ ಮಾಡೋದು ಕೂರ್ಗ್. "ಬ್ರಿಟಿಷರ ಹೆಸರು ನನ್ನ ಸೈಟಲ್ಲಿ ಬೇಡ" ಅಂತ ಒಬ್ಬರು ಪಟ್ಟು ಹಿಡಿದರು. 2019ರಲ್ಲಿ ನಮ್ಮ ಕಾಫಿಗೆ ಜಿಐ, ಅಂದರೆ ಊರಿನ ಹೆಸರಿನ ಸರ್ಕಾರಿ ಗುರುತು, ಸಿಕ್ಕಿದ್ದೇ ಕೂರ್ಗ್ ಅರೇಬಿಕಾ ಅನ್ನೋ ಹೆಸರಲ್ಲಿ ಅಂದೆ. ಕೊನೆಗೆ ದೊಡ್ಡ ಅಕ್ಷರದಲ್ಲಿ ಕೊಡಗು, ಪುಟದ ಶೀರ್ಷಿಕೆಯಲ್ಲಿ ಎರಡೂ. ರಾಜಿ.

ಫೋಟೋ ಬಗ್ಗೆ ಜಾಸ್ತಿ ಹೇಳಲ್ಲ. ಫೋನಲ್ಲಿ ತೆಗೆದ ಒಂದು ಫೋಟೋ ಐದು ಎಂಬಿ ಇರುತ್ತದೆ. ಅಂಥ ಹದಿನಾಲ್ಕು ಹಾಕಿದರೆ ಮುಖಪುಟವೇ 70 ಎಂಬಿ. ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನುವ ಹಗುರ ಫೈಲ್ ಮಾಡಿದರೆ ಒಂದೊಂದು 200 ಕೆಬಿ ಆಸುಪಾಸಿಗೆ ಬರುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಘಾಟಿಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ದಾರಿ ಹುಡುಕುವವರಿಗೆ ಇದು ಬೇಕೇ ಬೇಕು.

ನಾನು ಮಾಡಿದ್ದರಲ್ಲಿ ಜನ ನಿಜವಾಗಿ ಮೆಚ್ಚಿದ್ದು ಯಾವುದು ಗೊತ್ತಾ? ಮುಖಪುಟದ ನೆತ್ತಿಯ ಮೇಲೆ ಒಂದು ಹಳದಿ ಪಟ್ಟಿ. "ಇಂದು ನಮ್ಮ ದಾರಿ" ಅಂತ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದ ಮೇಲೆ, ಮಳೆ ಅಂದರೆ ಹೊರಗಿನವರಿಗೆ ಕೊಡಗು ಪೂರ್ತಿ ಮುಚ್ಚಿದ ಹಾಗೇ. ಭಾಗಮಂಡಲದಲ್ಲಿ ನೀರು ಬಂದ ವಿಡಿಯೋ ನೋಡಿ, ಜಿಲ್ಲೆಯ ಇನ್ನೊಂದು ಕಡೆ ಇರುವ ಸೋಮವಾರಪೇಟೆಯ ಬುಕಿಂಗ್ ರದ್ದು ಮಾಡುತ್ತಾರೆ. ಅದಕ್ಕೇ ಈ ಪಟ್ಟಿ. ಮಾಲೀಕರು ಫೋನಿನಲ್ಲೇ ಒಂದು ಸಾಲು ಬರೆಯಬಹುದು: ದಾರಿ ತೆರೆದಿದೆ, ಕರೆಂಟಿಲ್ಲ, ಜನರೇಟರ್ ಇದೆ. ತಾರೀಕು ತಾನಾಗೇ ಬೀಳುತ್ತದೆ. ಎರಡು ದಿನ ಯಾರೂ ಬರೆಯದಿದ್ದರೆ ಪಟ್ಟಿ ಮಾಯ. ಹಳೇ ಸುದ್ದಿ ನಿಂತರೆ ಸುಳ್ಳಿಗಿಂತ ಕೆಟ್ಟದು. ಮಾಡಲು ನನಗೆ ಅರ್ಧ ದಿನ ಹಿಡಿಯಿತು. ತಿಂಗಳುಗಟ್ಟಲೆ ಕೂತು ಮಾಡಿದ ಅನಿಮೇಷನ್ ಬಗ್ಗೆ ಇವತ್ತಿನವರೆಗೆ ಒಬ್ಬರೂ ಮಾತಾಡಿಲ್ಲ.

ಆಮೇಲೆ ಅತ್ತಿಗೆಯ ಕಾಫಿಪುಡಿ. ಅವರಿಗೊಂದು ಆನ್‌ಲೈನ್ ಅಂಗಡಿ ಮಾಡಿಕೊಟ್ಟೆ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್, ಆನ್‌ಲೈನ್‌ನಲ್ಲಿ ದುಡ್ಡು ತೆಗೆದುಕೊಳ್ಳಲು ಪೇಮೆಂಟ್ ಗೇಟ್‌ವೇ, ಎಲ್ಲ ಆಯ್ತು. ಆರ್ಡರೂ ಬಂತು, ಲಾಭ ಮಾತ್ರ ಬರಲಿಲ್ಲ. ಒಂದು ಭಾನುವಾರ ಇಬ್ಬರೂ ಕೊರಿಯರ್ ಬಿಲ್ ಹರಡಿಕೊಂಡು ಕೂತೆವು. ಅರ್ಧ ಕೇಜಿ ಪುಡಿಗೆ ಒಂದೂವರೆ ಕೇಜಿ ಚಾರ್ಜ್! ಕೊರಿಯರ್‌ನವರು ತೂಕದ ಜೊತೆ ಡಬ್ಬದ ಅಳತೆಯನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಅತ್ತಿಗೆಯ ಡಬ್ಬ 30, 20, 12 ಸೆಂಟಿಮೀಟರ್. ಅಂದರೆ 1.44 ಕೇಜಿ. ಚಂದ ಕಾಣಲಿ ಅಂತ ಒಳಗೆ ತುಂಬಿದ್ದು ಬರೀ ಕಾಗದ. 20, 15, 8ರ ಡಬ್ಬ ತಂದೆವು, 0.48 ಆಯ್ತು. ಆದರೂ ಕಾಲು ಕೇಜಿಯ ಎರಡು ಪೊಟ್ಟಣ ಇಟ್ಟರೆ ಡಬ್ಬ ಸೇರಿ 500 ಗ್ರಾಂ ದಾಟಿ ಮುಂದಿನ ದರಕ್ಕೆ ಹಾರುತ್ತಿತ್ತು. ಕೊನೆಗೆ ಪೊಟ್ಟಣವನ್ನೇ 200 ಗ್ರಾಂ ಮಾಡಿದರು. ಅಂಗಡಿ ಉಳಿದದ್ದು ನನ್ನ ಸೈಟಿನಿಂದಲ್ಲ, ಆ ಅಡುಗೆಮನೆ ತಕ್ಕಡಿಯಿಂದ.

ನನ್ನ ದುಡ್ಡಿನ ಕಥೆ ಹೇಳುವುದಾದರೆ, ಮೊದಲೆರಡು ವರ್ಷ ಬೆಂಗಳೂರಿನ ಲೆಕ್ಕದಲ್ಲಿ ತಿಂಗಳ ತಿಂಗಳ ಬಿಲ್ ಕಳಿಸಿದೆ. ಆಗಸ್ಟ್‌ನಲ್ಲಿ ಪ್ಲಾಂಟರ್ ಮನೆಗೆ ಬಿಲ್ ಹೋದರೆ ಏನಾಗುತ್ತದೆ? ತೋಟಕ್ಕೆ ಗೊಬ್ಬರ, ಕೂಲಿ, ಮಕ್ಕಳ ಫೀಸು ಎಲ್ಲ ಮುಗಿದ ಸಮಯ. "ಕೊಡುವ, ಕೊಡುವ" ಅನ್ನುತ್ತಾರೆ. ಕೊಡದವರಲ್ಲ, ಕೈಯಲ್ಲಿ ಇರಲ್ಲ ಅಷ್ಟೇ. ಡಿಸೆಂಬರಿನಿಂದ ಕಾಫಿ ಕುಯ್ಲು, ಒಣಗಿಸಿ ಮಾರಿದರೆ ಫೆಬ್ರವರಿ ಹೊತ್ತಿಗೆ ಮನೆಯಲ್ಲಿ ದುಡ್ಡು ಓಡಾಡುತ್ತದೆ, ಹಿಂದೆಯೇ ಮೆಣಸು. ಹಾಗಾಗಿ ಈಗ ವರ್ಷಕ್ಕೊಂದೇ ಬಿಲ್, ಫೆಬ್ರವರಿಯಲ್ಲಿ. ಹೋಸ್ಟಿಂಗ್ ಅಂದರೆ ಸೈಟ್ ಇಡುವ ಜಾಗದ ಬಾಡಿಗೆ, ಬ್ಯಾಕಪ್, ಸಣ್ಣಪುಟ್ಟ ರಿಪೇರಿ ಎಲ್ಲ ಅದರಲ್ಲೇ. ಹೊಸ ಸೈಟ್‌ಗಿಂತ ಈ ವರ್ಷದ ಬಿಲ್ಲಿನಿಂದಲೇ ನನ್ನ ಮನೆ ನಡೆಯುತ್ತಿರೋದು. ಒಬ್ಬರು ಮಾತ್ರ ಅರ್ಧ ದುಡ್ಡು, ಅರ್ಧ ಕರಿಮೆಣಸು ಕೊಡುತ್ತಾರೆ. ಮೆಣಸಿಗೆ ರೇಟ್ ಇದ್ದ ವರ್ಷ ಪೂರ್ತಿ ದುಡ್ಡೇ ಕೊಡುತ್ತಾರೆ, ಜಾಣರು.

ಇವತ್ತು ಮೇ ಕೊನೆಯ ವಾರ. ಇನ್ನು ಒಂದೇ ಡೊಮೇನ್ ಬಾಕಿ. ಓಟಿಪಿ ಮಾಲೀಕರ ಫೋನಿಗೆ ಹೋಗಿದೆ. ಅವರು ತೋಟದ ಕೆಳಗೆ ಹೊಳೆ ಬದಿಯಲ್ಲಿದ್ದಾರೆ, ಅಲ್ಲಿ ರೇಂಜ್ ಇಲ್ಲ. ಸಂಜೆ ಕಾಫಿಗೆ ಮನೆಗೆ ಹತ್ತಿದ ಮೇಲೆ ಫೋನ್ ಮಾಡುತ್ತಾರಂತೆ.