ಇಲಿ ಕಾಂಡಕೋಶದಿಂದ ಗ್ಯಾಸ್ಟ್ರುಲಾಯ್ಡ್: ಮೊದಲ 48 ಗಂಟೆಯಲ್ಲೇ ಎಲ್ಲ ಇದೆ

ಗ್ಯಾಸ್ಟ್ರುಲಾಯ್ಡ್ ಉದ್ದಕ್ಕೆ ಬೆಳೆಯದಿದ್ದರೆ ಎಲ್ಲರ ಅನುಮಾನ ಮೊದಲು ಹೋಗುವುದು ಸಿಎಚ್‌ಐಆರ್99021 ಎಂಬ ರಾಸಾಯನಿಕದ ಮೇಲೆ. ಸ್ಟಾಕ್ ಹಳೆಯದಾಯಿತೇನೋ ಅಂತ ಹೊಸ ಬಾಟಲಿ ತರಿಸುತ್ತಾರೆ. ನನ್ನ ಪ್ಲೇಟುಗಳಲ್ಲಿ ತಪ್ಪು ಅಲ್ಲಿ ಸಿಕ್ಕಿದ್ದು ಕಡಿಮೆ. ಅದು ವೆಲ್ಲಿಗೆ, ಅಂದರೆ ಪ್ಲೇಟಿನ ಪುಟ್ಟ ಗುಳಿಗೆ, ಬೀಳುವ ಹೊತ್ತಿಗಾಗಲೇ ಕೋಶಗಳ ಮುದ್ದೆಯ ಹಣೆಬರಹ ಬಹುಪಾಲು ನಿರ್ಧಾರವಾಗಿರುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು: ಇಲಿ ಭ್ರೂಣದ ಕೆಲವು ನೂರು ಕಾಂಡಕೋಶಗಳನ್ನು ಒಂದೆಡೆ ಗುಂಪುಗೂಡಲು ಬಿಟ್ಟು, ಸರಿಯಾದ ಸಮಯಕ್ಕೆ ಸಿಎಚ್‌ಐಆರ್ ಕೊಟ್ಟು ವಿಂಟ್ ಎಂಬ ಕೋಶಸಂಕೇತವನ್ನು ಎಬ್ಬಿಸಿದರೆ, ಐದು ದಿನದಲ್ಲಿ ಆ ಉಂಡೆ ಹಿಂದುಮುಂದು ಇರುವ ಉದ್ದನೆಯ ರಚನೆಯಾಗುತ್ತದೆ. ಅದೇ ಗ್ಯಾಸ್ಟ್ರುಲಾಯ್ಡ್. 2014ರಲ್ಲಿ ಕೇಂಬ್ರಿಡ್ಜ್‌ನ ಆಲ್ಫೊನ್ಸೊ ಮಾರ್ಟಿನೆಜ್ ಆರಿಯಾಸ್ ಅವರ ಗುಂಪು ಇದನ್ನು ಪ್ರಕಟಿಸಿತು. 2018ರಲ್ಲಿ ಇದರೊಳಗೆ ದೇಹದ ಹಿಂದುಮುಂದು ಗುರುತಿಸುವ ಹಾಕ್ಸ್ ಜೀನ್‌ಗಳು ಭ್ರೂಣದಲ್ಲಿರುವಂತೆಯೇ ಸರದಿಯಲ್ಲಿ ಚಾಲೂ ಆಗುವುದು ಕಂಡಿತು. 2020ರಲ್ಲಿ ಮ್ಯಾಟ್ರಿಜೆಲ್ ಎಂಬ ಪ್ರೋಟೀನು ಲೋಳೆ ಸೇರಿಸಿ, ಮುಂದೆ ಬೆನ್ನೆಲುಬು, ಸ್ನಾಯುಗಳಾಗುವ ತುಂಡುಗಳಾದ ಸೋಮೈಟ್‌ಗಳನ್ನೂ ಪಡೆದರು. ಮುಂಭಾಗದ ಮಿದುಳು ಇದರಲ್ಲಿ ಬೆಳೆಯುವುದಿಲ್ಲ, ಮಾಸು ಕಟ್ಟುವ ಕೋಶಗಳೂ ಇಲ್ಲ.

ಕೋಶಗಳಿಂದ ಶುರು ಮಾಡೋಣ. ದ್ರವ ಸಾರಜನಕದಿಂದ ತೆಗೆದ ಮೇಲೆ ಕನಿಷ್ಠ ಎರಡು ಮೂರು ಪ್ಯಾಸೇಜ್ (ಬೆಳೆದ ಕೋಶಗಳನ್ನು ಹೊಸ ಫ್ಲಾಸ್ಕಿಗೆ ಹಂಚುವುದು) ಆಗುವವರೆಗೆ ನಾನು ಅವುಗಳನ್ನು ಮುಟ್ಟುವುದಿಲ್ಲ. ಎರಡು ದಿನಕ್ಕೊಮ್ಮೆ ಪ್ಯಾಸೇಜ್, ಅದೂ ತಪ್ಪದೆ. ಬಳಸುವ ದಿನ ಫ್ಲಾಸ್ಕ್ ಅರ್ಧದಷ್ಟು ತುಂಬಿರಬೇಕು. ವಸಾಹತುಗಳು ದುಂಡಗೆ, ಅಂಚು ಹೊಳೆಯುವಂತಿದ್ದರೆ ಸರಿ. ಅಂಚಿನಿಂದ ಚಪ್ಪಟೆ ಕೋಶಗಳು ಹರಡಿಕೊಂಡಿದ್ದರೆ ಆ ಫ್ಲಾಸ್ಕನ್ನು ಬಿಟ್ಟುಬಿಡಿ. ಸೀರಂ-ಲಿಫ್‌ನಲ್ಲಿ (ಲಿಫ್ ಎಂದರೆ ಕಾಂಡಕೋಶಗಳನ್ನು ಹಾಗೆಯೇ ಉಳಿಸುವ ಪ್ರೋಟೀನು) ಬೆಳೆದವು ಮತ್ತು 2ಐ ಎಂಬ ಎರಡು ತಡೆರಾಸಾಯನಿಕಗಳ ಜೋಡಿ ಸೇರಿಸಿ ಬೆಳೆಸಿದವು ಒಂದೇ ಗತಿಯಲ್ಲಿ ನಡೆಯುವುದಿಲ್ಲ. ಹಾಗಾಗಿ ಯಾವುದಾದರೂ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಬೇಕು. ಮೈಕೊಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾದ ಪರೀಕ್ಷೆ ತಿಂಗಳಿಗೊಮ್ಮೆ. ಸೋಂಕಿದ್ದರೂ ಕೋಶಗಳು ನೋಡಲು ಚೆನ್ನಾಗಿಯೇ ಇರುತ್ತವೆ, ಅದೇ ಅದರ ಕಿರಿಕಿರಿ.

ಟ್ರಿಪ್ಸಿನ್ ಕಿಣ್ವ ಹಾಕಿ ಬಿಡಿಬಿಡಿ ಮಾಡಿ, ಸೀರಂ ಇರುವ ಮೀಡಿಯಾದಲ್ಲಿ ಅದನ್ನು ತಡೆದು, ಸೆಂಟ್ರಿಫ್ಯೂಜಿನಲ್ಲಿ 200 ಜಿ ಬಲದಲ್ಲಿ 5 ನಿಮಿಷ ತಿರುಗಿಸಿ. ಆಮೇಲೆ ಉಪ್ಪಿನ ಬಫರ್ ದ್ರಾವಣವಾದ ಪಿಬಿಎಸ್‌ನಲ್ಲಿ ಎರಡು ಸಲ ತೊಳೆಯಬೇಕು. ಸಮಯವಿಲ್ಲವೆಂದು ಒಂದು ತೊಳೆತ ಬಿಟ್ಟರೆ ಸೀರಂ ಮತ್ತು ಲಿಫ್ ಉಳಿಯುತ್ತವೆ. 2ಐ ಬಳಸಿದ್ದರಂತೂ ಅದರಲ್ಲೇ ಸಿಎಚ್‌ಐಆರ್ ಇರುತ್ತದೆ, 48 ಗಂಟೆಗೆ ಕೊಡಬೇಕಾದ್ದು ಸೊನ್ನೆ ಗಂಟೆಯಿಂದಲೇ ಸಿಗುತ್ತದೆ.

ಎಣಿಕೆಯಲ್ಲಿ ಎಡವುವವರೇ ಹೆಚ್ಚು. ಪ್ರತಿ ವೆಲ್ಲಿಗೆ 40 ಮೈಕ್ರೋಲೀಟರ್‌ನಲ್ಲಿ 300 ಕೋಶ, ಅಂದರೆ ಮಿಲಿಲೀಟರಿಗೆ 7,500. 96 ವೆಲ್ ಪ್ಲೇಟಿನ ಅಂಚಿನ ಸಾಲುಗಳಿಗೆ ನಾನು ಬರೀ ಪಿಬಿಎಸ್ ತುಂಬುತ್ತೇನೆ. 40 ಮೈಕ್ರೋಲೀಟರ್ ಎರಡು ದಿನ ಅಂಚಿನಲ್ಲಿ ಕುಳಿತರೆ ನೀರು ಆವಿಯಾಗಿ ದ್ರವ ಸಾಂದ್ರವಾಗುತ್ತದೆ. ಉಳಿದ 60 ವೆಲ್ಲಿಗೆ ಬೇಕಾದ್ದು 2.4 ಮಿಲಿಲೀಟರ್, ಮಾಡಿಕೊಳ್ಳುವುದು 4 ಮಿಲಿಲೀಟರ್, ಅದಕ್ಕೆ 30,000 ಕೋಶ. ದಟ್ಟ ದ್ರಾವಣದಿಂದ ನೇರವಾಗಿ ಇಷ್ಟು ಕಡಿಮೆಗೆ ಇಳಿಸಬೇಡಿ. ಮೊದಲು ಮಿಲಿಲೀಟರಿಗೆ ಸುಮಾರು ಒಂದು ಲಕ್ಷಕ್ಕೆ ತಂದು, ಮತ್ತೊಮ್ಮೆ ಎಣಿಸಿ, ಲೆಕ್ಕ ಸರಿಯಿದ್ದರೆ 300 ಮೈಕ್ರೋಲೀಟರ್ ತೆಗೆದು 3.7 ಮಿಲಿಲೀಟರ್ ಬೆಚ್ಚಗಿನ ಎನ್2ಬಿ27ಕ್ಕೆ (ಸೀರಂ ಇಲ್ಲದ ಮೀಡಿಯಾ) ಸೇರಿಸಿ. ಜೋಡಿ ಕೋಶಗಳನ್ನು ಒಂದೆಂದು ಎಣಿಸುವ ಯಂತ್ರವನ್ನು ನಂಬುವುದಕ್ಕಿಂತ ಕೈಯಾರೆ ಎಣಿಸುವ ಗಾಜಿನ ಹಿಮೋಸೈಟೋಮೀಟರ್ ವಾಸಿ.

ಪ್ಲೇಟು ಯು ಆಕಾರದ ತಳದ್ದು, ಕೋಶ ಅಂಟದಂಥದ್ದು. ತುಂಬುವಾಗ ಕೋಶಗಳು ತೊಟ್ಟಿಯ ತಳಕ್ಕೆ ಇಳಿಯುತ್ತಲೇ ಇರುತ್ತವೆ, ಹಾಗಾಗಿ ಎರಡು ಸಾಲಿಗೊಮ್ಮೆ ಮೆಲ್ಲನೆ ಕಲಕಬೇಕು. ಕಲಕಿದಿರೋ ಇಲ್ಲವೋ ಎಂಬುದನ್ನು 48 ಗಂಟೆಗೆ ಪ್ಲೇಟೇ ಹೇಳುತ್ತದೆ: ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುದ್ದೆಗಳ ಗಾತ್ರ ಕ್ರಮವಾಗಿ ಬದಲಾಗಿರುತ್ತದೆ. ಕೋಶ ತೀರಾ ಹೆಚ್ಚಾದರೆ ಒಂದಕ್ಕೆ ಎರಡು ಮೂರು ಬಾಲ ಮೂಡುತ್ತವೆ; ತೀರಾ ಕಡಿಮೆಯಾದರೆ ಉಂಡೆ ಉಂಡೆಯಾಗಿಯೇ ಉಳಿಯುತ್ತದೆ.

24 ಗಂಟೆಗೆ ಸಡಿಲ ಮುದ್ದೆ, ಸುತ್ತ ಒಂದಷ್ಟು ಸತ್ತ ಕೋಶ. ಇದು ಸಹಜ, ಪ್ಲೇಟನ್ನು ಅಲುಗಿಸದೆ ಒಳಗಿಡಿ. 48ಕ್ಕೆ ಸುಮಾರು 150ರಿಂದ 200 ಮೈಕ್ರೋಮೀಟರ್ ವ್ಯಾಸದ ನುಣುಪಾದ ಗುಂಡು ಸಿಗಬೇಕು. ಒಂದೇ ವೆಲ್ಲಿನಲ್ಲಿ ಎರಡು ಗುಂಡು ಕಂಡರೆ ಅದನ್ನು ಆಗಲೇ ಗುರುತು ಹಾಕಿ ಕೈಬಿಡಿ. ಇಡೀ ಪ್ಲೇಟು ಒರಟಾಗಿ, ಅಂಚು ಉದುರುವಂತಿದ್ದರೆ ಮುಂದುವರಿಸುವುದೇ ವ್ಯರ್ಥ. ಅಂಥ ಪ್ಲೇಟಿಗೆ ಸಿಎಚ್‌ಐಆರ್ ಪ್ರಮಾಣ ಏರಿಸಿ ಉಳಿಸಲು ನೋಡುವುದು, ಹುಳುಕು ಬೀಜಕ್ಕೆ ಗೊಬ್ಬರ ಸುರಿದಂತೆ.

ಚೆನ್ನಾಗಿದ್ದರೆ 10 ಮಿಲಿಲೀಟರ್ ಎನ್2ಬಿ27ಕ್ಕೆ 10 ಮಿಲಿಮೋಲಾರ್ ಸ್ಟಾಕಿನಿಂದ 3 ಮೈಕ್ರೋಲೀಟರ್ ಸೇರಿಸಿ 3 ಮೈಕ್ರೋಮೋಲಾರ್ ಮಾಡಿಕೊಂಡು, ಪ್ರತಿ ವೆಲ್ಲಿಗೆ 150 ಮೈಕ್ರೋಲೀಟರ್ ಹಾಕುತ್ತೇನೆ. ಸ್ವಲ್ಪ ರಭಸದಿಂದಲೇ, ತಳಕ್ಕೆ ಅಂಟಿದ್ದು ಏಳಲಿ. ಒಳಗೆ ಆಗಲೇ 40 ಇರುವುದರಿಂದ ವೆಲ್ಲಿನಲ್ಲಿ ನಿಜವಾಗಿ ಸಿಗುವುದು ಸುಮಾರು 2.4 ಮೈಕ್ರೋಮೋಲಾರ್. 72ಕ್ಕೆ 150 ತೆಗೆದು ಹೊಸದು 150 ಹಾಕಿದ ಮೇಲೂ ಅರ್ಧ ಮೈಕ್ರೋಮೋಲಾರ್ ಉಳಿದಿರುತ್ತದೆ. 96ರ ಬದಲಾವಣೆಯ ನಂತರ 0.1. ಬೇರೆ ಗಾತ್ರದ ಪ್ಲೇಟಿಗೆ ಹೋಗುವವರು ಈ ಲೆಕ್ಕ ಮರೆತು "ಅದೇ 3 ಮೈಕ್ರೋಮೋಲಾರ್ ಕೊಟ್ಟೆ" ಅನ್ನುತ್ತಾರೆ. ಕೆಲವು ವೆಲ್ಲಿಗೆ ಸಿಎಚ್‌ಐಆರ್ ಕರಗಿಸುವ ದ್ರಾವಕವಾದ ಬರೀ ಡಿಎಂಎಸ್‌ಒ ಕೊಟ್ಟು ಹೋಲಿಕೆಗೆ ಇಟ್ಟುಕೊಳ್ಳಿ. ಅವೂ ಒಂದರ ಹಿಂದೊಂದು ಉದ್ದವಾದರೆ ತೊಳೆತ ನೆನಪಿಸಿಕೊಳ್ಳಿ, ಕೆಲವು ಕೋಶ ತಳಿಗಳು (ಸೆಲ್ ಲೈನ್) ತಾವಾಗಿಯೇ ಉದ್ದವಾಗುವುದೂ ಉಂಟು.

ಮೀಡಿಯಾ ತೆಗೆಯುವಾಗ ಪಿಪೆಟ್ ಟಿಪ್ ವೆಲ್ಲಿನ ಗೋಡೆಗೆ ತಾಗಿರಲಿ, ತಳಕ್ಕಲ್ಲ. ತೆಗೆದ ದ್ರವವನ್ನು ಚೆಲ್ಲುವ ಮೊದಲು ಟಿಪ್ಪುಗಳನ್ನು ಬೆಳಕಿಗೆ ಹಿಡಿದು ನೋಡಿ, ಕಳೆದುಹೋದ ಗ್ಯಾಸ್ಟ್ರುಲಾಯ್ಡ್ ಹೆಚ್ಚಾಗಿ ಅಲ್ಲೇ ಇರುತ್ತದೆ.

ಸೋಮೈಟ್ ಬೇಕಿದ್ದರೆ 96 ಗಂಟೆಗೆ ಮೀಡಿಯಾ ಬದಲು ಶೇ. 10 ಮ್ಯಾಟ್ರಿಜೆಲ್ ಬೆರೆಸಿದ ಎನ್2ಬಿ27. ಮ್ಯಾಟ್ರಿಜೆಲ್ ಹಿಂದಿನ ರಾತ್ರಿಯೇ 4 ಡಿಗ್ರಿಯಲ್ಲಿ ಕರಗಿರಬೇಕು, ಮಂಜಿನ ಮೇಲೇ ಬೆರೆಸಬೇಕು, ಟಿಪ್ಪುಗಳೂ ತಣ್ಣಗಿರಬೇಕು. ಬೆಚ್ಚಗಿನ ಮೀಡಿಯಾಕ್ಕೆ ಹಾಕಿದರೆ ಗಂಟುಗಂಟಾಗುತ್ತದೆ, ಒಂದು ವೆಲ್ಲಿಗೆ ಎಲ್ಲ, ಪಕ್ಕದ್ದಕ್ಕೆ ಏನೂ ಇಲ್ಲ.

120 ಗಂಟೆಗೆ ಕೋಶಗಳನ್ನು ಇದ್ದಂತೆಯೇ ಸ್ಥಿರಗೊಳಿಸಲು ಶೇ. 4 ಪ್ಯಾರಾಫಾರ್ಮಾಲ್ಡಿಹೈಡ್, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಎತ್ತಿ ಸಾಗಿಸಲು ತುದಿ ಕತ್ತರಿಸಿದ ಟಿಪ್. ಮಾಮೂಲಿ ಟಿಪ್ಪಿನ ಬಾಯಲ್ಲಿ ಬಾಲ ಮುರಿಯುತ್ತದೆ. ಬಾಲದ ತುದಿಯನ್ನು ಗುರುತಿಸುವ ಬ್ರಾಕಿಯೂರಿ ಪ್ರೋಟೀನಿನ ಪ್ರತಿಕಾಯದಲ್ಲಿ ಒಂದೇ ತುದಿ ಹೊಳೆಯಬೇಕು. ಮೈಯೆಲ್ಲ ಮಸುಕಾಗಿ ಹೊಳೆದರೆ ಅಕ್ಷ ಮೂಡಿಲ್ಲ, ಅಥವಾ ಪ್ರತಿಕಾಯವನ್ನು ಸರಿಯಾಗಿ ತೊಳೆದಿಲ್ಲ. ಎಣಿಸುವಾಗ 48ಕ್ಕೆ ಕೈಬಿಟ್ಟವನ್ನು ಬಿಟ್ಟು ಉಳಿದ ಎಲ್ಲವನ್ನೂ ಎಣಿಸಿ: ಉದ್ದವಾದದ್ದು, ಗುಂಡಾಗಿ ಉಳಿದದ್ದು, ಬಹುಬಾಲದ್ದು. ಚಿತ್ರಕ್ಕೆ ಹೊಂದುವ ಆರನ್ನು ಮಾತ್ರ ಆರಿಸಿಟ್ಟರೆ ಮುಂದಿನ ಪ್ಲೇಟಿನಲ್ಲಿ ಏನು ಬದಲಾಯಿಸಬೇಕೆಂದು ತಿಳಿಯುವ ದಾರಿಯೇ ಇರುವುದಿಲ್ಲ.