ಬೇಡದ ಯೋಚನೆಯನ್ನು ಅದುಮದೆ ನಿಭಾಯಿಸುವ ಬಗೆ

ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬಾರದೆಂದು ವೈದ್ಯ ಹೇಳಿದ್ದರಿಂದಲೇ ರೋಗಿಗೆ ಲೋಟ ಎತ್ತಿದಾಗಲೆಲ್ಲ ಕೋತಿ ನೆನಪಾಗುತ್ತಿದ್ದ ಕತೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋತಿಯ ಜಾಗದಲ್ಲಿ ಬಿಳಿ ಕರಡಿಯಿತ್ತು. ಭಾಗವಹಿಸಿದವರು 5 ನಿಮಿಷ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ, ಕರಡಿಯನ್ನು ಮಾತ್ರ ನೆನೆಯದೆ, ನೆನಪಾದರೆ ಗಂಟೆ ಬಾರಿಸಬೇಕಿತ್ತು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ಕರಡಿಯನ್ನು ನೆನೆಯಬಹುದೆಂದಾಗ, ಮೊದಲು ಅದುಮಿದ್ದವರಿಗೆ ಅದು ಅದುಮದಿದ್ದವರಿಗಿಂತ ಹೆಚ್ಚಾಗಿ ನೆನಪಾಯಿತು.

ವೆಗ್ನರ್ 1994ರಲ್ಲಿ ಕೊಟ್ಟ ವಿವರಣೆಯಂತೆ, ಅದುಮುವಾಗ ಮನಸ್ಸಿನ ಒಂದು ಭಾಗ ಬೇರೆ ವಿಷಯ ಹುಡುಕುತ್ತದೆ, ಇನ್ನೊಂದು ಭಾಗ ಆ ಯೋಚನೆ ಬಂತೇ ಎಂದು ಕಾವಲು ಕಾಯುತ್ತದೆ. ಹುಡುಕುವುದಕ್ಕೆ ಶ್ರಮ ಬೇಕು, ಕಾವಲಿಗೆ ಅಷ್ಟು ಬೇಡ. ಆದ್ದರಿಂದ ದಣಿದಾಗ, ತಲೆಯ ಮೇಲೆ ಬೇರೆ ಹೊರೆಯಿದ್ದಾಗ, ಕಾವಲುಗಾರನೊಬ್ಬನೇ ಎಚ್ಚರವಾಗಿ ಉಳಿದು ಯೋಚನೆಯನ್ನು ಎಳೆದು ತರುತ್ತಾನೆ. ಹಗಲಿಡೀ ತಡೆದಿಟ್ಟ ಜಗಳದ ಮಾತು ರಾತ್ರಿ ದಿಂಬಿಗೆ ತಲೆಯಿಟ್ಟೊಡನೆ ಮರಳಿದರೆ, ಅದನ್ನು ಮನೋಬಲದ ಕೊರತೆಯೆಂದು ಹಳಿದುಕೊಳ್ಳಬೇಡಿ.

ಹಾಗಾಗಿ ಯೋಚನೆ ಬಂದಾಗ ಮೊದಲು "ಇದು ಆ ಜಗಳದ ನೆನಪು" ಎಂದು ಹೆಸರಿಟ್ಟು ಗುರುತಿಸಿ, ವಾದಕ್ಕಿಳಿಯದೆ ಬಿಡಿ. ಗಮನ ತಿರುಗಿಸುವುದಾದರೆ ಹತ್ತು ಕಡೆ ಅಲೆಯದೆ, ಮೊದಲೇ ಆರಿಸಿಟ್ಟ ಒಂದೇ ವಿಷಯಕ್ಕೆ ತಿರುಗಿಸಿ. ವೆಗ್ನರ್ ತಂಡ ಕರಡಿಯ ಬದಲು ಕೆಂಪು ಫೋಕ್ಸ್‌ವ್ಯಾಗನ್ ಕಾರನ್ನೇ ನೆನೆಯಲು ಹೇಳಿದಾಗ, ಆಮೇಲೆ ಕರಡಿ ಹೆಚ್ಚಾಗಿ ಮರುಕಳಿಸುವುದು ತಗ್ಗಿತ್ತು. ಬಾಯಿಪಾಠವಿರುವ ಪದ್ಯ, ಊರಿನ ಬೀದಿಯ ಮನೆಗಳ ಸಾಲು, ಯಾವುದಾದರೂ ಆದೀತು.

ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸುವುದು ಚಿಂತೆಗೆ ಹೊತ್ತು ಗೊತ್ತುಮಾಡುವ ಕ್ರಮ. 1983ರಲ್ಲಿ ಅಮೆರಿಕದ ಮನೋವಿಜ್ಞಾನಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ್ದರು. ಪ್ರತಿದಿನ ಒಂದೇ ಜಾಗದಲ್ಲಿ, ಒಂದೇ ಸಮಯಕ್ಕೆ, ಅರ್ಧ ಗಂಟೆ ಕುಳಿತು ಚಿಂತಿಸಿ. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದು ಆ ಹೊತ್ತಿಗೆ ಮುಂದೂಡಿ. ಇಲ್ಲಿ ನಿಷೇಧವಿಲ್ಲ, ಬರಿಯ ವಾಯಿದೆ ಇದೆ. ನಿಷೇಧವಿಲ್ಲದ ಕಡೆ ಕಾವಲಿಗೂ ಕೆಲಸ ಕಡಿಮೆ. ಮಲಗುವ ಹೊತ್ತಿಗೆ ಹತ್ತಿರವಾಗಿ ಮಾತ್ರ ಇದನ್ನು ಇಟ್ಟುಕೊಳ್ಳಬೇಡಿ.

ಪ್ರಿಯರಿಗೆ ಹಾನಿ ಮಾಡಿಬಿಟ್ಟೇನೆಂಬಂಥ ಅಸಹ್ಯ ಯೋಚನೆ ಮಿಂಚಿ ಹೋದರೆ ಅದು ನಿಮ್ಮ ಇಚ್ಛೆಯೆಂದು ತಿಳಿಯಬೇಡಿ. ಅಂಥವು ಆರೋಗ್ಯವಂತರಿಗೂ ಬರುತ್ತವೆಂದು 1978ರಲ್ಲೇ ಮನೋವಿಜ್ಞಾನಿಗಳಾದ ರಾಕ್‌ಮನ್ ಮತ್ತು ಡಿ ಸಿಲ್ವ ತೋರಿಸಿದ್ದರು. ಆದರೆ ಅವು ದಿನದ ಗಂಟೆಗಳನ್ನೇ ನುಂಗುತ್ತಿದ್ದರೆ, ಪದೇಪದೇ ಕೈ ತೊಳೆಯುವಂತೆ ಒತ್ತಾಯಿಸುತ್ತಿದ್ದರೆ, ಅಥವಾ ಬದುಕೇ ಬೇಡವೆನಿಸುತ್ತಿದ್ದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಭಾರತದಲ್ಲಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.